ಸೂರು ಎತ್ತರ, ಬೆಳಕು ಹತ್ತಿರ

ಅಂಕಣ: ಬೆಳಕು - ನೆರಳು

ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಅವರ ಕ್ಷಮೆ ಕೋರಿ ಮೂರನೆಯದೊಂದನ್ನು ಸೇರಿಸಬಹುದು: ಮದುವೆಯ ಫೋಟೋ ತೆಗೆದು ನೋಡು. ಮನೆ ಕಟ್ಟುವಾಗ ಲೆಕ್ಕ ತಪ್ಪಿದರೆ ಗೋಡೆ ಒಡೆದು ಮತ್ತೆ ಕಟ್ಟಬಹುದು. ಮದುವೆಯ ಸಾರಿಗೆ ಉಪ್ಪು ಕಡಿಮೆಯಾದರೆ ಎಲೆಯ ತುದಿಯಲ್ಲಿ ಬಡಿಸಿದ ಉಪ್ಪಿದೆ. ಆದರೆ ಮಾಂಗಲ್ಯಧಾರಣೆಯ ಫೋಟೋ ಕಪ್ಪಾಗಿ ಬಂದರೆ, "ಇನ್ನೊಮ್ಮೆ ಕಟ್ಟಪ್ಪಾ" ಎಂದು ಮದುಮಗನಿಗೆ ಹೇಳಲಾದೀತೆ? ಹೇಳುವ ಛಾಯಾಗ್ರಾಹಕರೂ ಇದ್ದಾರೆ. ಆ ಮಾತು ಬೇರೆ.

ಈ ಸಲದ ವಿಷಯ ಮದುವೆಯ ಹಾಲಿನಲ್ಲಿ ಫ್ಲಾಶ್ ಬಳಕೆ. ಅದರಲ್ಲೂ ಛಾವಣಿ ಬಹಳ ಎತ್ತರವಾಗಿದ್ದು ಬೆಳಕು ಬಹಳ ಕಡಿಮೆಯಿರುವ ಹಾಲು. ಫೋಟೋ ತೆಗೆಯುವ ಹವ್ಯಾಸವಿರುವ ಮಿತ್ರರಿಗೆ ಇದು ನೇರವಾಗಿ ಉಪಯೋಗವಾದೀತು. ಹವ್ಯಾಸವಿಲ್ಲದವರೂ ಮುಂದೊಂದು ದಿನ ಮಗಳ ಮದುವೆಗೋ ತಮ್ಮನ ಮದುವೆಗೋ ಛಾಯಾಗ್ರಾಹಕರನ್ನು ಗೊತ್ತುಮಾಡುವವರೇ. ಅವರೂ ಓದಲಿ ಎಂದು ಅಪೇಕ್ಷೆ.

ನೆಂಟರ ಮನೆಗೆ ಹೋದರೆ ಕಾಫಿಯ ಲೋಟದ ಹಿಂದೆಯೇ ಮದುವೆಯ ಆಲ್ಬಮ್ಮು ಬರುವುದು ನಮ್ಮಲ್ಲಿ ವಾಡಿಕೆ. ಈಗ ಆಲ್ಬಮ್ಮಿನ ಜಾಗಕ್ಕೆ ಟಿ.ವಿ.ಯೋ ಮೊಬೈಲೋ ಬಂದಿರಬಹುದು, ವಾಡಿಕೆ ಬದಲಾಗಿಲ್ಲ. ಎಷ್ಟೋ ಆಲ್ಬಮ್ಮುಗಳಲ್ಲಿ ಕಾಣುವುದು ಒಂದೇ ನೋಟ. ಮುಂದೆ ವಧೂವರರ ಮುಖ ಸುಣ್ಣ ಬಳಿದಂತೆ ಬೆಳ್ಳಗೆ, ಹಣೆಯ ಮೇಲೆ ಬೆವರಿನ ಹೊಳಪು, ಬೆನ್ನ ಹಿಂದೆ ಗೋಡೆಗೆ ಅಂಟಿದ ಕರೀ ನೆರಳು. ಅದರಾಚೆಗೆ ಏನೂ ಇಲ್ಲ, ಬರೀ ಕತ್ತಲೆ. ಮದುವೆ ಅಮಾವಾಸ್ಯೆಯ ರಾತ್ರಿ ಬಯಲಿನಲ್ಲಿ ನಡೆಯಿತೇನೋ ಎಂಬಂತೆ.

ಆ ಕತ್ತಲೆಯಲ್ಲಿ ಯಾರಿದ್ದರು ಎಂದು ಸ್ವಲ್ಪ ಯೋಚಿಸಿ. ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ರಾತ್ರಿ ಬಸ್ಸಿನಲ್ಲಿ ಕೂತು ಬಂದ ಸೋದರತ್ತೆ ಅಲ್ಲಿದ್ದರು. ಮಂಡಿನೋವಿನಲ್ಲೂ "ಮೊಮ್ಮಗಳ ಧಾರೆ ನೋಡಿಯೇ ತೀರಬೇಕು" ಎಂದು ಹಟ ಹಿಡಿದು ಬಂದ ಅಜ್ಜಿ ಮೂರನೆಯ ಸಾಲಿನಲ್ಲಿದ್ದರು. ಹತ್ತು ವರ್ಷ ಮಾತು ಬಿಟ್ಟಿದ್ದ ದಾಯಾದಿಗಳು ಅಂದು ಒಂದೇ ಸಾಲಿನಲ್ಲಿ ಕೂತಿದ್ದರು. ಊರಿನಲ್ಲೇ ಇರುವವರಿಗೆ ಜಾತ್ರೆಯಿದೆ, ಹಬ್ಬವಿದೆ, ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಮುಖ ನೋಡುವ ಸಂದರ್ಭಗಳಿವೆ. ಮುಂಬಯಿ, ಪುಣೆ, ಚೆನ್ನೈ, ದೆಹಲಿ ಎಂದು ಚದುರಿಹೋದ ನಮ್ಮಂಥವರ ಕುಟುಂಬ ಇಡಿಯಾಗಿ ಒಂದು ಸೂರಿನಡಿ ಸೇರುವುದು ಮದುವೆಯಲ್ಲಿ ಮಾತ್ರ. ಅಂಥ ಸೂರಿನಡಿಯ ಚಿತ್ರದಲ್ಲಿ ಎರಡೇ ಮುಖ ಉಳಿದು ಮಿಕ್ಕ ಮುನ್ನೂರು ಮುಖ ಕತ್ತಲೆಯ ಪಾಲಾದರೆ ಅದು ಸಣ್ಣ ನಷ್ಟವಲ್ಲ.

ಕತ್ತಲೆ ಎಲ್ಲಿಂದ ಬಂತು?

ಊರಿನ ಮದುವೆಗಳಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಮನೆಯ ಮುಂದೆ ಚಪ್ಪರ, ಮುಹೂರ್ತ ಹಗಲು ಹೊತ್ತಿನದು. ಚಪ್ಪರದ ಕೆಳಗೆ ಬಿಳಿ ಬಟ್ಟೆ ಕಟ್ಟಿದ್ದರಂತೂ ಬಿಸಿಲು ಅದರಲ್ಲಿ ಸೋಸಿ ಹಾಲಿನಂತೆ ಇಳಿಯುತ್ತಿತ್ತು. ಇಂದು ಸ್ಟುಡಿಯೋಗಳಲ್ಲಿ ಸಾವಿರಾರು ರೂಪಾಯಿ ತೆತ್ತು ಬೆಳಕಿನ ಮುಂದೆ ಕಟ್ಟುವ ಬಿಳಿ ಪರದೆ ಮಾಡುವ ಕೆಲಸವೂ ಅದೇ. ಚಪ್ಪರ ಹಾಕಿದವರಿಗೆ ಅದು ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ.

ಪಟ್ಟಣದ ಹಾಲಿನ ರೀತಿ ಬೇರೆ. ಹವಾನಿಯಂತ್ರಣವೆಂದು ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಛಾವಣಿ 30-35 ಅಡಿ ಮೇಲೆ. ಗೋಡೆಗೆ ಕಂದು ಬಣ್ಣದ ಮರದ ಹಲಗೆ ಇಲ್ಲವೆ ಕಡುಗೆಂಪು ಪರದೆ. ವೇದಿಕೆಯ ಮೇಲೆ ಮಾತ್ರ ಕಣ್ಣು ಕುಕ್ಕುವ ದೀಪ, ಜನ ಕುಳಿತ ಕಡೆ ಮಂದ ಬೆಳಕು. ಸಂಜೆಯ ಆರತಕ್ಷತೆಗೆ ಅಲಂಕಾರದವರು ಬಂದು, ಇದ್ದ ದೀಪವನ್ನೂ ಆರಿಸಿ ನೇರಳೆ ಬಣ್ಣದ ಎಲ್‌ಇಡಿ ಹಚ್ಚಿಬಿಡುತ್ತಾರೆ.

ಕ್ರೈಸ್ತ ಬಂಧುಗಳ ಮದುವೆಯಲ್ಲಿ ಇದೇ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಮುಂಬಯಿಯ ಕೊಲಾಬಾದಲ್ಲಿ 1858ರಲ್ಲಿ ಪ್ರತಿಷ್ಠೆಗೊಂಡ ಅಫ್ಘನ್ ಚರ್ಚಾಗಲಿ, 1933ರಲ್ಲಿ ಅಡಿಗಲ್ಲು ಕಂಡ ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಾಗಲಿ ಗಾಥಿಕ್ ಶೈಲಿಯವು. ನೋಟವನ್ನು ಮೇಲಕ್ಕೆ ಸೆಳೆಯಬೇಕೆಂದೇ ಎತ್ತರವಾಗಿ ಕಟ್ಟಿದವು. ಬಣ್ಣದ ಗಾಜಿನ ಕಿಟಕಿಯಿಂದ ಸೋಸಿ ಬರುವ ಬೆಳಕು ಭಕ್ತಿಗೆ ಹೇಳಿ ಮಾಡಿಸಿದ್ದು, ಕ್ಯಾಮರಾಕ್ಕೆ ಮಾತ್ರ ಕಷ್ಟದ್ದು.

16ನೇ ಒಂದು ಪಾಲಿನ ಲೆಕ್ಕ

ಬೆಳಕಿನ ಒಂದು ನಿಯಮವನ್ನು ನಾವೆಲ್ಲ ಶಾಲೆಯಲ್ಲಿ ಓದಿ ಮರೆತಿದ್ದೇವೆ. ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ದೂರ ನಾಲ್ಕು ಪಟ್ಟಾದರೆ 16ನೇ ಒಂದು ಪಾಲು. ದೇವರ ಮುಂದಿನ ದೀಪದ ಹತ್ತಿರ ಕೂತು ಪುಸ್ತಕ ಓದಬಹುದು, ಅದೇ ದೀಪದಿಂದ ನಡುಮನೆಯ ಬಾಗಿಲಲ್ಲಿ ಕೂತವರಿಗೆ ಅಕ್ಷರ ಕಾಣದು. ಇಷ್ಟೇ ಸಂಗತಿ.

ಈಗ ಇದನ್ನು ಹಾಲಿಗೆ ಅನ್ವಯಿಸೋಣ. ಕ್ಯಾಮರಾದ ಮೇಲಿನ ಫ್ಲಾಶನ್ನು ನೇರವಾಗಿ ವಧೂವರರ ಕಡೆ ಹಾರಿಸಿದಿರಿ. ಅವರು 10 ಅಡಿ ದೂರದಲ್ಲಿದ್ದಾರೆ. ನೆಂಟರು ಕುಳಿತಿರುವುದು 40 ಅಡಿ ದೂರದಲ್ಲಿ. ವಧೂವರರ ಮುಖಕ್ಕೆ ಸರಿಯಾಗಿ ಸಿಕ್ಕ ಬೆಳಕಿನ 16ನೇ ಒಂದು ಪಾಲು ನೆಂಟರಿಗೆ ಸಿಕ್ಕಿತು. ಫೋಟೋದಲ್ಲಿ ಅದರ ಅರ್ಥ ಕತ್ತಲೆ. ಫ್ಲಾಶಿನ ಶಕ್ತಿ ಹೆಚ್ಚಿಸಿದರೆ ನೆಂಟರು ಕಾಣುವ ಮೊದಲು ವಧೂವರರು ಬೂದಿ ಬಳಿದುಕೊಂಡಂತಾಗುತ್ತಾರೆ. ಎಂಥ ದುಬಾರಿ ಫ್ಲಾಶ್ ತಂದರೂ ಈ ಪ್ರಮಾಣ ಬದಲಾಗುವುದಿಲ್ಲ.

"ನೇರವಾಗಿ ಏಕೆ? ಛಾವಣಿಗೆ ಹಾರಿಸಿದರಾಯಿತು, ಬೆಳಕು ಅಲ್ಲಿಂದ ಮೆತ್ತಗೆ ಇಳಿಯುತ್ತದೆ" ಎಂದು ತಿಳಿದವರು ಹೇಳುತ್ತಾರೆ. ಮನೆಯಲ್ಲಿ ಇದು ನೂರಕ್ಕೆ ನೂರು ನಿಜ. ನಾಮಕರಣಕ್ಕೆ, ಸೀಮಂತಕ್ಕೆ ಇದಕ್ಕಿಂತ ಸುಲಭದ ಉಪಾಯವಿಲ್ಲ. ಬಿಳಿ ಸುಣ್ಣದ ಛಾವಣಿ 10 ಅಡಿಯಲ್ಲಿದೆ, ಫ್ಲಾಶ್ 5 ಅಡಿ ಎತ್ತರದಲ್ಲಿದೆ, ವ್ಯಕ್ತಿ 12 ಅಡಿ ದೂರದಲ್ಲಿದ್ದಾರೆ ಎನ್ನಿ. ಬೆಳಕು ಮೇಲೆ ಹೋಗಿ ಕೆಳಗೆ ಬರುವ ದಾರಿ ಸುಮಾರು 16 ಅಡಿ. ಅದೇ ವ್ಯಕ್ತಿ ಅಷ್ಟೇ ದೂರದಲ್ಲಿದ್ದು ಛಾವಣಿ 35 ಅಡಿಯಲ್ಲಿದ್ದರೆ ದಾರಿ 60 ಅಡಿ ದಾಟುತ್ತದೆ. ಸರಿಸುಮಾರು ನಾಲ್ಕು ಪಟ್ಟು. ಮತ್ತೆ ಅದೇ 16ನೇ ಒಂದು ಪಾಲು! ಛಾವಣಿ ಬಿಳಿಯಾಗಿಲ್ಲದೆ ಮರದ್ದೋ ಕಪ್ಪು ಬಣ್ಣದ್ದೋ ಆಗಿದ್ದರೆ ಆ ಪಾಲಿನಲ್ಲೂ ಬಹುಭಾಗವನ್ನು ಅದು ನುಂಗಿಕೊಳ್ಳುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನಲ್ಲಿ ಇಟಲಿಯ ಆಂಟೋನಿಯೊ ಮೊಸ್ಕೇನಿ ಛಾವಣಿಯ ತುಂಬ ಚಿತ್ರ ಬರೆದಿದ್ದಾರೆ. ಅಂಥ ಛಾವಣಿ ಇರುವುದು ನೋಡಿ ಕಣ್ತುಂಬಿಕೊಳ್ಳಲು, ಫ್ಲಾಶಿಗೆ ಕನ್ನಡಿಯಾಗಲು ಅಲ್ಲ.

ಎತ್ತರದ ಛಾವಣಿಗೆ ಫ್ಲಾಶ್ ಹಾರಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಕಸ್ಮಾತ್ ಬೆಳಕು ಸಾಕಾದರೂ ಇನ್ನೊಂದು ಪೇಚಿದೆ. ಪ್ರತಿ ಸಲವೂ ಫ್ಲಾಶ್ ತನ್ನ ಪೂರ್ಣ ಶಕ್ತಿ ಸುರಿಯಬೇಕಾಗುತ್ತದೆ. ಮತ್ತೆ ತುಂಬಿಕೊಳ್ಳಲು ಅದಕ್ಕೆ ಎರಡು ಮೂರು ಸೆಕೆಂಡು ಬೇಕು, ಸೆಲ್ಲು ಸೋತಂತೆ ಇನ್ನೂ ಹೆಚ್ಚು. ಮಾಂಗಲ್ಯಕ್ಕೆ ಹಾಕುವುದು ಮೂರು ಗಂಟು. ಮೊದಲ ಗಂಟಿಗೆ ಫ್ಲಾಶ್ ಹಾರಿತು, ಎರಡನೆಯದಕ್ಕೆ ತುಂಬಿಕೊಳ್ಳುತ್ತಾ ಕೂತಿತು, ಮೂರನೆಯದನ್ನು ನಾದಿನಿ ಹಾಕುವ ಹೊತ್ತಿಗೆ ಅರೆಬರೆ ಬೆಳಕು ಉಗುಳಿತು. ಗಟ್ಟಿಮೇಳ ನಿಂತಾಗ ಕ್ಯಾಮರಾದಲ್ಲಿ ಇರುವುದು ಒಂದೇ ಚಿತ್ರ. ಅದರಲ್ಲಿ ಮದುಮಗಳು ಕಣ್ಣು ಮುಚ್ಚಿರುತ್ತಾಳೆ!

ಮೂರು ಬಲ್ಬಿನ ಕಥೆ

ಕತ್ತಲೆಯಲ್ಲಿ ಚಿತ್ರ ತೆಗೆಯುವ ಸಾಹಸ ಹಳೆಯದು. 1887ರಲ್ಲಿ ಜರ್ಮನಿಯ ಮೀಥೆ ಮತ್ತು ಗೇಡಿಕೆ ಎಂಬಿಬ್ಬರು ಮೆಗ್ನೀಸಿಯಂ ಬೆರೆಸಿದ ಮಿಂಚುಪುಡಿ ತಯಾರಿಸಿದರು. ನ್ಯೂಯಾರ್ಕಿನ ಪತ್ರಕರ್ತ ಜೇಕಬ್ ರೀಸ್ ಅದನ್ನು ಹಿಡಿದು ಬಡವರ ಕತ್ತಲೆ ಕೋಣೆಗಳಿಗೆ ಹೋದರು. ಒಮ್ಮೆ ಮನೆಗೇ ಬೆಂಕಿ ತಗುಲಿದ್ದನ್ನು ಅವರೇ ಬರೆದುಕೊಂಡಿದ್ದಾರೆ. 1929ರ ಹೊತ್ತಿಗೆ ಗಾಜಿನ ಫ್ಲಾಶ್ ಬಲ್ಬು ಬಂತು, ಒಂದು ಬಲ್ಬಿಗೆ ಒಂದೇ ಚಿತ್ರ. 1930ರ ದಶಕದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಹೆರಾಲ್ಡ್ ಎಡ್ಗರ್ಟನ್ ಮತ್ತೆ ಮತ್ತೆ ಮಿಂಚುವ ವಿದ್ಯುತ್ ಫ್ಲಾಶನ್ನು ಛಾಯಾಗ್ರಹಣಕ್ಕೆ ಪಳಗಿಸಿದರು. ಇಂದಿನ ಫ್ಲಾಶುಗಳೆಲ್ಲ ಅದರ ಸಂತತಿ.

ಬಲ್ಬಿನ ಕಾಲದ ಒಂದು ಪ್ರಸಂಗ ನಮ್ಮ ಪುಣೆಯಲ್ಲೇ ನಡೆದದ್ದು. 1946ರಲ್ಲಿ ಲೈಫ್ ಪತ್ರಿಕೆಯ ಮಾರ್ಗರೆಟ್ ಬೋರ್ಕ್-ವೈಟ್ ಗಾಂಧೀಜಿಯವರ ಚಿತ್ರ ತೆಗೆಯಲು ಬಂದರು. ಕೋಣೆ ಕತ್ತಲೆ. ಗಾಂಧೀಜಿಯವರಿಗೆ ಕಣ್ಣಿಗೆ ಹೊಡೆಯುವ ಬೆಳಕು ಸಹಿಸದು. ಮೂರು ಬಲ್ಬಿಗೆ ಮಾತ್ರ ಅನುಮತಿ ದೊರೆಯಿತು. ಮೊದಲ ಎರಡು ಪ್ರಯತ್ನ ವ್ಯರ್ಥವಾದವು, ಮೂರನೆಯದು ಫಲಿಸಿತು. ಮುಂದೆ ಚರಕ, ಹಿಂದೆ ಕುಳಿತು ಓದುತ್ತಿರುವ ಬಾಪು. ಜಗತ್ತೆಲ್ಲ ಬಲ್ಲ ಚಿತ್ರ ಅದು. ಅದರಲ್ಲಿ ಕಿಟಕಿಯಿಂದ ಬರುವ ಬೆಳಕು ಸತ್ತಿಲ್ಲ, ಕೋಣೆ ಕೋಣೆಯಾಗಿಯೇ ಉಳಿದಿದೆ. ಇಂದು ಸಾವಿರ ಸಲ ಫ್ಲಾಶ್ ಹಾರಿಸುವ ಅನುಕೂಲವಿರುವವರು ಈ ಮೂರು ಬಲ್ಬಿನ ಲೆಕ್ಕವನ್ನು ನೆನಪಿಟ್ಟರೆ ಒಳ್ಳೆಯದು.

ಇಪ್ಪತ್ತು ಮೂವತ್ತು ವರ್ಷ ಹಿಂದಿನ ನಮ್ಮ ಸ್ಟುಡಿಯೋದವರನ್ನು ದೂರುವಂತಿಲ್ಲ. ಅವರ ಕೈಯಲ್ಲಿ ಪೆಂಟ್ಯಾಕ್ಸ್ ಕೆ-1000ದಂಥ ಕ್ಯಾಮರಾ, 100 ಇಲ್ಲವೆ 400 ವೇಗದ ಫಿಲ್ಮು, ರೋಲಿಗೆ 36 ಚಿತ್ರ. ತೊಳೆದು ಬರುವವರೆಗೆ ಏನು ಬಂದಿದೆಯೆಂದು ತಿಳಿಯುತ್ತಿರಲಿಲ್ಲ. ನೇರವಾಗಿ ಫ್ಲಾಶ್ ಹಾರಿಸಿ ಮುಖವನ್ನಾದರೂ ಉಳಿಸಿಕೊಳ್ಳುವುದು ಅವರ ಪಾಲಿಗೆ ಜಾಣತನವೇ ಆಗಿತ್ತು. ಇಂದಿನ ಡಿಜಿಟಲ್ ಕ್ಯಾಮರಾ 3200 ವೇಗದಲ್ಲೂ ಚಿತ್ರ ಕೆಡಿಸುವುದಿಲ್ಲ. 100ರ ಫಿಲ್ಮಿಗೆ ಹೋಲಿಸಿದರೆ 32 ಪಟ್ಟು ಚುರುಕು. ಹಾಗಿದ್ದೂ ಅದೇ ಕಪ್ಪು ಹಿನ್ನೆಲೆಯ ಚಿತ್ರ ಬಂದರೆ ಆ ಹಳೆಯ ಸಬೂಬು ನಡೆಯದು.

ಹಾಲಿಗೆ ಹಾಲಿನ ಬೆಳಕು, ಮುಖಕ್ಕೆ ಫ್ಲಾಶ್

ಹಾಗಾದರೆ ಉಪಾಯವೇನು? ಒಂದೇ ಮಾತಿನಲ್ಲಿ ಹೇಳುವುದಾದರೆ: ಹಾಲನ್ನು ಬೆಳಗುವ ಕೆಲಸವನ್ನು ಫ್ಲಾಶಿಗೆ ಒಪ್ಪಿಸಬೇಡಿ. ಅದು ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಹಾಲಿನಲ್ಲಿ ಎಷ್ಟೇ ಮಂದವಾದರೂ ಒಂದು ಬೆಳಕಿದೆ, ಹಾಲನ್ನು ಅದೇ ಬೆಳಗಲಿ. ಫ್ಲಾಶ್ ಎದುರಿಗಿರುವ ಮುಖವನ್ನು ಮಾತ್ರ ನೋಡಿಕೊಳ್ಳಲಿ.

ಎರಡು ಬೆಳಕೂ ಒಂದೇ ಚಿತ್ರದಲ್ಲಿ ಬೇರೆ ಬೇರೆಯಾಗಿ ಹತೋಟಿಗೆ ಸಿಗುತ್ತವೆ. ಹಾಲಿನ ಬೆಳಕು ಬೆಳಗಿನ ನಲ್ಲಿಯ ನೀರಿನಂತೆ, ಸಣ್ಣಗೆ ಸುರಿಯುತ್ತಲೇ ಇರುತ್ತದೆ. ಹೆಚ್ಚು ಹೊತ್ತು ಕೊಡ ಹಿಡಿದರೆ ಹೆಚ್ಚು ತುಂಬುತ್ತದೆ. ಫ್ಲಾಶಿನ ಬೆಳಕು ತುಂಬಿದ ಕೊಡವನ್ನು ಒಮ್ಮೆಗೇ ಬಗ್ಗಿಸಿದಂತೆ, ಸುಮಾರು ಸಾವಿರದಲ್ಲೊಂದು ಸೆಕೆಂಡಿನಲ್ಲಿ ಮುಗಿಯಿತು. ಶಟರನ್ನು 200ನೇ ಒಂದು ಸೆಕೆಂಡ್ ತೆರೆದರೂ 50ನೇ ಒಂದು ಸೆಕೆಂಡ್ ತೆರೆದರೂ ಫ್ಲಾಶಿನ ಪಾಲು ಅಷ್ಟೇ. ಹಾಲಿನ ಪಾಲು ಮಾತ್ರ ನಾಲ್ಕು ಪಟ್ಟು. ಈ ಒಂದು ಸಂಗತಿ ಮನಸ್ಸಿಗೆ ಹತ್ತಿದರೆ ಅರ್ಧ ಕೆಲಸ ಆದಂತೆ.

ಕೈಯಲ್ಲಿ ಕ್ಯಾಮರಾ ಹಿಡಿದವರಿಗೆ ಮಾಡುವ ಕ್ರಮ ಹೀಗೆ. ಮೊದಲು ಫ್ಲಾಶ್ ಆರಿಸಿ. ಕ್ಯಾಮರಾವನ್ನು ಮಾನ್ಯುಯಲ್‌ಗೆ ಹಾಕಿ, ವೇಗವನ್ನು 1600ರಿಂದ 3200ರ ಮಟ್ಟಿಗೆ ಏರಿಸಿ. ಎಪರ್ಚರ್ ಎಫ್ 2.8ರಿಂದ ಎಫ್ 4ರೊಳಗೆ ಇರಲಿ. ಶಟರ್ 50ನೇ ಇಲ್ಲವೆ 100ನೇ ಒಂದು ಸೆಕೆಂಡ್. ಈ ಎರಡು ಸಂಖ್ಯೆಗಳಿಗೆ ಕಾರಣವಿದೆ. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತನೆಯದು, ಎಷ್ಟೋ ಎಲ್‌ಇಡಿ ಹಾಗೂ ಟ್ಯೂಬ್ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಅಡ್ಡಪಟ್ಟಿ ಬೀಳುವುದುಂಟು. ಹೀಗೆ ಫ್ಲಾಶಿಲ್ಲದೆ ತೆಗೆದ ಚಿತ್ರದಲ್ಲಿ ಹಾಲು ಕಣ್ಣಿಗೆ ಕಾಣುವುದಕ್ಕಿಂತ ತುಸು ಮಂದವಾಗಿ, ಆದರೆ ಹಿಂದಿನ ಸಾಲಿನವರ ಗುರುತು ಹತ್ತುವಷ್ಟು ಸ್ಪಷ್ಟವಾಗಿ ಬರಬೇಕು. ಬಂದ ಮೇಲೆ ಫ್ಲಾಶ್ ಹಚ್ಚಿ, ಮುಖಕ್ಕೆ ಬೇಕಾದಷ್ಟೇ ಕೊಡಿ. ಕ್ಯಾಮರಾ ಇಷ್ಟು ಚುರುಕಾಗಿರುವಾಗ ಫ್ಲಾಶಿನ ಎಂಟನೇ ಒಂದು ಪಾಲೋ ಹದಿನಾರನೇ ಒಂದು ಪಾಲೋ ಸಾಕಾಗಬಹುದು. ಅದು ತಟ್ಟನೆ ತುಂಬಿಕೊಳ್ಳುತ್ತದೆ. ಮೂರು ಗಂಟಿಗೂ ಮೂರು ಚಿತ್ರ ಸಿಗುತ್ತದೆ!

ಇಷ್ಟು ನಿಧಾನದ ಶಟರಿನಲ್ಲಿ ಚಿತ್ರ ಅಲುಗಾಡದೆ ಎಂಬ ಸಂಶಯ ಸಹಜ. ಮುಖಕ್ಕೆ ಬಿದ್ದ ಫ್ಲಾಶ್ ಕ್ಷಣಾರ್ಧದ್ದಾದ್ದರಿಂದ ಮುಖ ಬಹುಮಟ್ಟಿಗೆ ನಿಂತೇ ಬರುತ್ತದೆ. ಹಿಂದೆ ಯಾರೋ ಎದ್ದು ಓಡಾಡಿದ್ದು ತುಸು ಅಲುಗಿದಂತೆ ಬಂದರೆ ಬರಲಿ. ಮದುವೆಮನೆಯಲ್ಲಿ ಓಡಾಟ ಇರಬೇಕಾದ್ದೇ.

ಛಾವಣಿ ಬೇಡ, ಹತ್ತಿರದ್ದನ್ನು ನೋಡಿ

ಫ್ಲಾಶ್ ನೇರವಾಗಿ ಹೊಡೆದರೆ ಬೆಳಕು ಗಡಸು. ಛಾವಣಿ ಕೈಗೆಟುಕದು. ಉಳಿದದ್ದು ಹತ್ತಿರದಲ್ಲಿರುವ ಬಿಳಿಯ ವಸ್ತು. ಪಕ್ಕದ ಬಿಳಿ ಗೋಡೆ ಅಥವಾ ಕಂಬ ಹತ್ತು ಹನ್ನೆರಡು ಅಡಿಯಲ್ಲಿದ್ದರೆ ಫ್ಲಾಶಿನ ತಲೆಯನ್ನು ಅತ್ತ ತಿರುಗಿಸಿ. ಕಿಟಕಿಯ ಪಕ್ಕದಲ್ಲಿ ಕೂತವರಂತೆ ಮುಖಕ್ಕೆ ಒಂದು ಕಡೆಯಿಂದ ಬೆಳಕು ಬರುತ್ತದೆ. ಆದರೆ ಗೋಡೆಯ ಬಣ್ಣವನ್ನು ನೋಡಿಕೊಳ್ಳಿ. ಕೆಂಪು ಪರದೆಗೆ ಹೊಡೆದರೆ ಮುಖ ಕೆಂಪು, ಹಸಿರು ಗೋಡೆಗೆ ಹೊಡೆದರೆ ಮದುಮಗ ಜ್ವರದಿಂದ ಎದ್ದು ಬಂದವನಂತೆ ಕಾಣುತ್ತಾನೆ.

ಗೋಡೆಯೂ ಇಲ್ಲದಿದ್ದರೆ ಬಿಳಿ ಕೊಡೆ. ಫ್ಲಾಶನ್ನು ಕ್ಯಾಮರಾದಿಂದ ಬಿಡಿಸಿ, ಸಹಾಯಕನ ಕೈಗೋ ಒಂದು ಸ್ಟ್ಯಾಂಡಿಗೋ ಕೊಟ್ಟು, ಬಿಳಿ ಕೊಡೆಯ ಮೂಲಕ ಬೆಳಕು ಬಿಡುವುದು. ಪುಟ್ಟ ರೇಡಿಯೋ ಟ್ರಿಗರುಗಳು ಈಗ ಕೈಗೆಟುಕುವ ಬೆಲೆಗೆ ಸಿಗುತ್ತವೆ, ತಂತಿಯ ಗೊಡವೆಯಿಲ್ಲ. ಹಾಲಿನೊಳಗೆ ಕೊಡೆ ಬಿಚ್ಚಿದರೆ ಅಜ್ಜಿಯಂದಿರು ಹುಬ್ಬೇರಿಸಿಯಾರು. ಕಾಶೀಯಾತ್ರೆಗೆ ಹೊರಟ ಮದುಮಗನ ಕೈಯಲ್ಲೂ ಕೊಡೆ ಇತ್ತಲ್ಲವೆ ಎಂದು ನಕ್ಕು ಸಮಾಧಾನ ಹೇಳಬಹುದು. ಆ ಕೊಡೆಯೇ ಎತ್ತರದ ಹಾಲಿನಲ್ಲಿ ನಾವು ಕಟ್ಟಿಕೊಳ್ಳುವ ಪುಟ್ಟ ಛಾವಣಿ. ಊರಿನ ಚಪ್ಪರದ ಬಿಳಿ ಬಟ್ಟೆ ಮಾಡಿದ ಕೆಲಸವನ್ನೇ ಅದು ಮಾಡುತ್ತದೆ. ಒಂದು ಎಚ್ಚರಿಕೆ: ಸ್ಟ್ಯಾಂಡ್ ಇಟ್ಟರೆ ಅದರ ಕಾಲಿಗೆ ಮರಳಿನ ಚೀಲವನ್ನೋ ನೀರಿನ ಬಾಟಲಿಯನ್ನೋ ಕಟ್ಟಿ. ಓಡಾಡುವ ಮಕ್ಕಳು, ಹರಡಿದ ರೇಷ್ಮೆ ಸೆರಗು, ಅದರ ಮೇಲೆ ಬೀಳುವ ಸ್ಟ್ಯಾಂಡು, ಈ ಮೂರು ಸೇರಿದರೆ ಫೋಟೋದ ವಿಷಯವೇ ಬೇರೆಯಾಗುತ್ತದೆ.

ಅರಸಿನದ ಬಣ್ಣ, ಮೈಯ ಬಣ್ಣ

ಫ್ಲಾಶಿನ ಬೆಳಕು ನಡುಹಗಲಿನ ಬಿಸಿಲಿನಂತೆ ಬೆಳ್ಳಗೆ. ವಿಡಿಯೋದವರ ಹಳೆಯ ಸನ್‌ಗನ್ ಆಗಲಿ ಹಾಲಿನ ಹಳದಿ ಬಲ್ಬಾಗಲಿ ಅರಸಿನದ ಕಡೆಗೆ ವಾಲಿದ್ದು. ಎರಡೂ ಒಂದೇ ಚಿತ್ರದಲ್ಲಿ ಸೇರಿದರೆ ಮುಖ ಒಂದು ಬಣ್ಣ, ಹಾಲು ಇನ್ನೊಂದು ಬಣ್ಣ. ಫ್ಲಾಶಿನ ಬಾಯಿಗೆ ತೆಳು ಕಿತ್ತಳೆ ಬಣ್ಣದ ಜೆಲಾಟಿನ್ ಹಾಳೆ ಅಂಟಿಸಿ, ಕ್ಯಾಮರಾದ ಬಣ್ಣದ ಹೊಂದಾಣಿಕೆಯನ್ನು ಬಲ್ಬಿನ ಬೆಳಕಿಗೆ ಇಟ್ಟರೆ ಎರಡೂ ಒಂದಾಗುತ್ತವೆ. ನೇರಳೆ ಎಲ್‌ಇಡಿಗೆ ಮಾತ್ರ ಇಂಥ ಮದ್ದಿಲ್ಲ. ಮುಹೂರ್ತದ ಹೊತ್ತಿನಲ್ಲಿ ಅದನ್ನು ಆರಿಸಿಸುವುದೊಂದೇ ದಾರಿ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಹೆಣ್ಣುಮಕ್ಕಳದು ಗೋಧಿಬಣ್ಣ, ಎಣ್ಣೆಗೆಂಪು, ಕೃಷ್ಣವರ್ಣ, ಹೀಗೆ ನಾನಾ ಛಾಯೆ. ಫ್ಲಾಶನ್ನು ಹೆಚ್ಚಾಗಿ ಹಾರಿಸಿ ಎಲ್ಲರನ್ನೂ ಬೆಳ್ಳಗೆ ಮಾಡುವುದು "ಚೆನ್ನಾಗಿ" ತೆಗೆಯುವುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿ ಬೇರೂರಿದೆ. ಹಾಗೆ ಮಾಡಿದಾಗ ಮೈಬಣ್ಣ ಮಾತ್ರವಲ್ಲ, ಮುಖದ ಏರಿಳಿತ, ಕೆನ್ನೆಯ ಅರಸಿನ, ಸೀರೆಯ ಜರಿಯ ನೇಯ್ಗೆ ಎಲ್ಲವೂ ಅಳಿಸಿಹೋಗುತ್ತವೆ. ಹತ್ತು ವರ್ಷ ಕಳೆದು ಆಲ್ಬಮ್ಮು ತೆರೆದಾಗ ಮಗಳಿಗೆ ತನ್ನ ಮುಖ ತನ್ನದೆನಿಸಬೇಕು. ಅಮ್ಮನ ಬಣ್ಣವೇ ತನಗೆ ಬಂದಿದೆ ಎಂಬುದು ಚಿತ್ರದಲ್ಲಿ ಕಾಣಬೇಕು. ಅದನ್ನು ಅಳಿಸುವ ಹಕ್ಕನ್ನು ಛಾಯಾಗ್ರಾಹಕರಿಗೆ ಯಾರೂ ಕೊಟ್ಟಿಲ್ಲ.

ಮುಹೂರ್ತದ ಹೊತ್ತಿನಲ್ಲಿ

ಬೆಳಕಿನ ಲೆಕ್ಕ ಬಂದರೆ ಸಾಲದು, ಮದುವೆಯ ಕ್ರಮವೂ ತಿಳಿದಿರಬೇಕು. ಅಂತರಪಟ ಸರಿಯುವುದು ಒಂದು ಕ್ಷಣ. ಜೀರಿಗೆ ಬೆಲ್ಲ ತಲೆಯ ಮೇಲೆ ಬೀಳುವಾಗ ಇಬ್ಬರ ಮುಖದಲ್ಲೂ ಮೂಡುವ ನಗು ಆ ಕ್ಷಣದ್ದು, ಮತ್ತೆ ಬಾರದು. ಧಾರೆ ಎರೆಯುವಾಗ ಚಿತ್ರ ಇರುವುದು ಕೈಗಳಲ್ಲಿ. ಮಗಳ ಕೈ, ಅದರ ಕೆಳಗೆ ಅಪ್ಪನ ಕೈ, ನೀರು ಬಿಡುವ ಅಮ್ಮನ ಕೈ. ಅಲ್ಲಿಗೆ ಮೇಲಿನಿಂದ ಬೆಳಕು ಬಿದ್ದರೆ ನೀರಿನ ಧಾರೆ ಕಾಣದು, ಪಕ್ಕದಿಂದ ಬಿದ್ದರೆ ಬೆಳ್ಳಿಯ ಎಳೆಯಂತೆ ಹೊಳೆಯುತ್ತದೆ.

ಸಪ್ತಪದಿಯ ಹೊತ್ತಿಗೆ ಹೋಮದ ಬೆಂಕಿಯಿದೆ, ಹೊಗೆಯಿದೆ. ಕ್ಯಾಮರಾದ ಮೇಲಿನಿಂದಲೇ ಫ್ಲಾಶ್ ಹೊಡೆದರೆ ಹೊಗೆ ಬಿಳಿಯ ಗೋಡೆಯಾಗಿ ಎದುರು ನಿಲ್ಲುತ್ತದೆ, ಬೆಂಕಿಯ ಕೆಂಪು ಸಾಯುತ್ತದೆ. ಅಲ್ಲಿ ಫ್ಲಾಶನ್ನು ಬಹಳ ಕಡಿಮೆ ಮಾಡಿ ಪಕ್ಕದಿಂದ ಕೊಡಬೇಕು, ಇಲ್ಲವೆ ಪೂರ್ತಿ ಬಿಡಬೇಕು. ಅಗ್ನಿಸಾಕ್ಷಿ ಎನ್ನುತ್ತೇವೆ. ಆ ಸಾಕ್ಷಿಯೇ ಚಿತ್ರದಲ್ಲಿ ಕಾಣದಿದ್ದರೆ ಹೇಗೆ? ಚರ್ಚಿನ ವಿಧಿಯ ನಡುವೆ ಫ್ಲಾಶ್ ಬೇಡವೆನ್ನುವ ಪಾದ್ರಿಗಳಿದ್ದಾರೆ. ಹಿಂದಿನ ದಿನವೇ ಹೋಗಿ ಕೇಳಿ ತಿಳಿದುಕೊಂಡು ಅವರ ಮಾತಿನಂತೆ ನಡೆಯುವುದು ಯುಕ್ತ. ಪುರೋಹಿತರಿಗೂ ಅಷ್ಟೇ. ಮಂತ್ರದ ನಡುವೆ ಮುಖಕ್ಕೆ ಮಿಂಚು ಹೊಡೆದು "ಇತ್ತ ನೋಡಿ ಭಟ್ರೇ" ಎನ್ನುವುದು ಛಾಯಾಗ್ರಹಣವಲ್ಲ, ಅಧಿಕಪ್ರಸಂಗ.

ಮನೆಯವರು ಮಾಡಬೇಕಾದ್ದು

ಕೆಲಸವೆಲ್ಲ ಛಾಯಾಗ್ರಾಹಕರದೇ ಎಂದು ಮನೆಯವರು ಕೈಕಟ್ಟಿ ಕೂರುವಂತಿಲ್ಲ. ಹಾಲು ಗೊತ್ತುಮಾಡುವಾಗ ಊಟದ ಮನೆ, ನೀರು, ವಾಹನ ನಿಲ್ಲಿಸುವ ಜಾಗ ಎಲ್ಲವನ್ನೂ ವಿಚಾರಿಸುತ್ತೇವೆ. ಜೊತೆಗೆ, ಮುಹೂರ್ತ ಯಾವ ಹೊತ್ತಿಗಿದೆಯೋ ಅದೇ ಹೊತ್ತಿಗೆ ಒಮ್ಮೆ ಹೋಗಿ ದೀಪ ಹಚ್ಚಿಸಿ ನೋಡಿ. ಸಾಧ್ಯವಾದರೆ ಛಾಯಾಗ್ರಾಹಕರನ್ನೂ ಕರೆದೊಯ್ಯಿರಿ. ಜನ ಕೂರುವ ಕಡೆಯ ದೀಪ ಮುಹೂರ್ತ ಮುಗಿಯುವವರೆಗೆ ಆರಬಾರದೆಂದು ಹಾಲಿನವರಿಗೂ ಅಲಂಕಾರದವರಿಗೂ ಬರೆದೇ ಕೊಡಿ. ಇದಕ್ಕೆ ಖರ್ಚಿಲ್ಲ. ಸಾವಿರಾರು ರೂಪಾಯಿಯ ಉಪಕರಣ ಮಾಡದ ಕೆಲಸವನ್ನು ಒಂದು ಸ್ವಿಚ್ಚು ಮಾಡುತ್ತದೆ.

ಹಿರಿಯರನ್ನು ವೇದಿಕೆಯ ಹತ್ತಿರ, ಬೆಳಕಿರುವ ಕಡೆ ಕೂರಿಸಿ. ಅವರ ಗುಂಪಿನ ಫೋಟೋವನ್ನು ಊಟದ ನಂತರಕ್ಕೆ ಮುಂದೂಡದೆ ಮೊದಲೇ ತೆಗೆಸಿ. ಆಗ ಅವರೂ ದಣಿದಿರುವುದಿಲ್ಲ, ಕನ್ನಡಕ ಧರಿಸಿದವರ ಗಾಜಿನಲ್ಲಿ ಫ್ಲಾಶ್ ಹೊಳೆಯದಂತೆ ಪಕ್ಕದಿಂದ ಬೆಳಕು ಕೊಡಲು ಛಾಯಾಗ್ರಾಹಕರಿಗೂ ಪುರಸೊತ್ತಿರುತ್ತದೆ.

ಇನ್ನು ಅತಿಥಿಗಳ ಮೊಬೈಲಿನ ಮಾತು. ಮೊಬೈಲಿನ ಪುಟ್ಟ ಫ್ಲಾಶ್ ನಾಲ್ಕೈದು ಮಾರು ದಾಟುವುದೂ ಕಷ್ಟ. ಹತ್ತನೆಯ ಸಾಲಿನಿಂದ ಅದನ್ನು ಹಾರಿಸಿದರೆ ಬೆಳಗುವುದು ಮುಂದಿನವರ ಬೆನ್ನು ಮತ್ತು ತುರುಬಿನ ಮಲ್ಲಿಗೆ. ಅದನ್ನು ಆರಿಸಿ ತೆಗೆದರೆ ಚಿತ್ರವೂ ಚೆನ್ನಾಗಿ ಬರುತ್ತದೆ, ಎದುರಿಗಿರುವ ಮಗುವಿನ ಕಣ್ಣಿಗೂ ನೆಮ್ಮದಿ. ಗಟ್ಟಿಮೇಳದ ಹೊತ್ತಿನಲ್ಲಿ ಕೈಯಲ್ಲಿ ಮೊಬೈಲಿಗೆ ಬದಲು ಅಕ್ಷತೆ ಇದ್ದರೆ ಇನ್ನೂ ಒಳ್ಳೆಯದು.

ಛಾಯಾಗ್ರಾಹಕರನ್ನು ಆರಿಸುವಾಗ ಅವರು ತೋರಿಸುವ ಬಣ್ಣಬಣ್ಣದ ಕ್ಯಾಮರಾಗಳಿಗೆ ಮರುಳಾಗಬೇಡಿ. ಹಿಂದೆ ಅವರು ತೆಗೆದ ಒಂದು ಮದುವೆಯ ಇಡೀ ಆಲ್ಬಮ್ಮು ಕೇಳಿ. ವಧೂವರರನ್ನು ಒಂದು ಕ್ಷಣ ಬಿಟ್ಟು ಅವರ ಹಿಂದೆ ನೋಡಿ. ಅಲ್ಲಿ ಕತ್ತಲೆಯಿದ್ದರೆ ನಮಸ್ಕಾರ ಹೇಳಿ ಬನ್ನಿ. ಅಲ್ಲಿ ಮುಖಗಳಿದ್ದರೆ, ಮೂರನೆಯ ಸಾಲಿನ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವುದು ಕಂಡರೆ, ಮುಂಗಡ ಕೊಟ್ಟುಬಿಡಿ. ಮುಂದಿನ ಮದುವೆಯ ಹೊತ್ತಿಗೆ ಆ ಸಾಲಿನಲ್ಲಿ ಯಾರಿರುತ್ತಾರೆ, ಯಾರಿರುವುದಿಲ್ಲ ಎಂದು ಬಲ್ಲವರಾರು?

ಮುಂದಿನ ಸಂಚಿಕೆಯಲ್ಲಿ ಹಳೆಯ ಕಪ್ಪು ಬಿಳುಪು ಫೋಟೋಗಳನ್ನು ಮುಂಬಯಿಯ ಮಳೆಗಾಲದ ತೇವದಿಂದ ಕಾಪಾಡಿಕೊಳ್ಳುವ ಬಗೆಯನ್ನು ನೋಡೋಣ. ಅಲ್ಲಿಯವರೆಗೆ ಮದುವೆಗಳಿಗೆ ಹೋಗಿಬನ್ನಿ, ಊಟ ಸವಿದು ಬನ್ನಿ. ಹಾಲಿನ ದೀಪ ಆರಿಸಲು ಬಂದವರನ್ನು ಮಾತ್ರ ಮೃದುವಾಗಿ ತಡೆಯಿರಿ.